ಸಮುವೇಲಜ್ಜನ ಪಡಸಾಲೆಯಲ್ಲಿ ಕಲಿತವರು

ಡಾಂಬರ ಗುಳಿಗೆಯ ವಾಸನೆ ಬಂದರೆ ಸಾಕು, ನಾನು ಬೆಂಗೇರಿಯ ಆ ಪಡಸಾಲೆಯಲ್ಲಿರುತ್ತೇನೆ. ಶನಿವಾರ ಸಂಜೆ ಸಮುವೇಲಜ್ಜ ಗೀತೆಯ ಪುಸ್ತಕಗಳಿದ್ದ ಟ್ರಂಕು ತೆರೆದರೆ, ಆ ವಾಸನೆಗೆ ಒಳಗಿನಿಂದ ಅಜ್ಜನ ಹೆಂಡತಿ ಆಯಿಯ ಉಪ್ಪಿಟ್ಟಿನ ಒಗ್ಗರಣೆಯ ಘಾಟು ಬೆರೆಯುತ್ತಿತ್ತು. ಅಜ್ಜ ರೈಲ್ವೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು, ನಮ್ಮ ಚರ್ಚಿನ ಸಭೆಯ ಹಿರಿಯರು. ರೈಲ್ವೆಯಲ್ಲಿ ಹೊಸಬರಿಗೆ ಕೆಲಸ ಕಲಿಸಿದ ಹಾಗೆಯೇ ನಮ್ಮಂಥ ಮಕ್ಕಳಿಗೆ ಪ್ರಾರ್ಥನಾ ಕೂಟ ನಡೆಸುವುದನ್ನು ಕಲಿಸಿದರು. ಕೆಲಸ ನಮ್ಮ ಕೈಗೆ ಕೊಟ್ಟು, ತಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಯೇಸು ಶಿಷ್ಯರನ್ನು ಊರೂರಿಗೆ ಕಳಿಸಿದಾಗ ಅವರಿಗೆ ಎಲ್ಲವೂ ಬರುತ್ತಿತ್ತೇನು, ಕಳಿಸಿದ್ದಕ್ಕೇ ಬಂತು ಎನ್ನುತ್ತಿದ್ದರು.

ಆಗ ನನಗೆ ಹನ್ನೆರಡು ವರ್ಷ. ಅವ್ವ ದೇಶಪಾಂಡೆ ನಗರದ ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅವಳಿಗೂ ಅಪ್ಪನಿಗೂ ಅಕ್ಷರ ಬರುತ್ತಿರಲಿಲ್ಲ. ಜ್ವರದಿಂದ ಎದ್ದಿದ್ದ ಒಬ್ಬ ಮುದುಕರ ಮನೆಯ ಪ್ರಾರ್ಥನಾ ಕೂಟವನ್ನು ಅಜ್ಜ ನನಗೆ ವಹಿಸಿದರು. ನನಗೆ ಬಾಯಿಪಾಠವಾಗಿದ್ದ, ಕೇಳಿದವರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದ ಬೈಬಲ್ ಪಾಠ ಒಂದೇ ಇತ್ತು. ಅದನ್ನೇ ಗಂಟಲೆತ್ತಿ ಓದಿದೆ. ಅದು ಸತ್ತವರಿಗೆ ಮಣ್ಣು ಕೊಡುವಾಗ ಓದುವ ಪಾಠ. ಮಂಚದ ಮೇಲಿದ್ದ ಮುದುಕರು ಎದ್ದು ಕೂತು, “ನಾ ಇನ್ನೂ ಇದ್ದೇನವಾ ತಂಗಿ. ಚಾ ಆದ್ರೂ ಕುಡದ ಹೋಗ್ತೇನಿ” ಅಂದರು. ಎಲ್ಲರೂ ನಕ್ಕರು. ನನಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತ್ತು. ಅಜ್ಜ ಮುಂದೆ ಬರಲಿಲ್ಲ, ಪುಸ್ತಕ ಕಸಿದುಕೊಳ್ಳಲಿಲ್ಲ. ಮುಗಿಸು ಎಂದು ಕಣ್ಣಲ್ಲೇ ಹೇಳಿದರು. ಅಳುತ್ತಲೇ ಪ್ರಾರ್ಥನೆ ಮುಗಿಸಿದೆ.

ಮರುದಿನ ಆರಾಧನೆ ಮುಗಿದ ಮೇಲೆ ಸಭೆಯ ಕಾರ್ಯದರ್ಶಿ ನನ್ನೆದುರಿಗೇ ಮಾತು ತೆಗೆದರು. ಇಂಥ ಕೆಲಸ ಓದು ಬಲ್ಲ ಮನೆಯ ಮಕ್ಕಳಿಗಿರಲಿ, ಕೂಟ ನಡೆಸುವವರ ಪಟ್ಟಿಯಿಂದ ಈ ಹುಡುಗಿಯ ಹೆಸರು ತೆಗೆಯಿರಿ ಎಂದರು. ಅಂದು ಹೆಸರು ಹೋಗಿದ್ದರೆ ನಾನು ಮತ್ತೆಂದೂ ನಾಲ್ಕು ಜನರೆದುರು ಬಾಯಿ ತೆರೆಯುತ್ತಿರಲಿಲ್ಲ. ಅಜ್ಜ ದನಿ ಏರಿಸಲಿಲ್ಲ. “ತಪ್ಪ ಮಾಡ್ಯಾಳ, ಖರೇ ಐತ್ರಿ. ಮುಂದಿನ ವಾರನೂ ಆಕೀನ ನಡಸ್ತಾಳ. ಇಲ್ಲಂದ್ರ ತಪ್ಪಷ್ಟ ಕಲತಂಗ ಆಗತೈತಿ.”

ಮುಂದಿನ ವಾರದ ಕೂಟ ಇದ್ದದ್ದು ಕಾರ್ಯದರ್ಶಿಯ ಮನೆಯಲ್ಲೇ, ಅವರ ತಾಯಿಗಾಗಿ. ಹಿಂದಿನ ದಿನ ಅಜ್ಜ ನನ್ನನ್ನು ಅಲ್ಲಿಗೆ ಬರಿಗೈಯಲ್ಲಿ ಕಳಿಸಿದರು. “ಪುಸ್ತಕ ಇಲ್ಲೇ ಇಡು. ಮೊದಲ ಅವರ ಮಾತ ಕೇಳಿ ಬಾ.” ಆ ತಾಯಿ ಜೋಳ ಹಸನು ಮಾಡುತ್ತಾ ಕೂತಿದ್ದರು. ಪಕ್ಕದಲ್ಲಿ ಕೂತು ನಾನೂ ಕಲ್ಲು ಆರಿಸಿದೆ. ಕಣ್ಣಿನ ಆಪರೇಷನ್ ಆದ ಮೇಲೆ ಮೊಮ್ಮಗಳ ಮುಖ ಮೊದಲ ಸಲ ಸರಿಯಾಗಿ ಕಂಡದ್ದನ್ನು ಹೇಳಿದರು. ಮರುದಿನ ಕುರುಡನಿಗೆ ಕಣ್ಣು ಬಂದ ಪಾಠ ಓದಿದೆ. ಆ ಮೊಮ್ಮಗಳ ಹೆಸರು ಹಿಡಿದು ಪ್ರಾರ್ಥಿಸಿದೆ. ಮುದುಕಿ ನನ್ನ ಗಲ್ಲ ಹಿಡಿದುಕೊಂಡೇ ಮಗನಿಗೆ ಹೇಳಿದರು: “ಈಕೀ ಹೆಸರ ತಗದೀಯಂದ್ರ ನನ್ನ ಹೆಸರೂ ತಗದಬಿಡು.”

ಹೆಸರು ಉಳಿಯಿತು. ನಮ್ಮ ಮನೆತನದಲ್ಲಿ ಮೊದಲ ಪದವಿ ನನ್ನದು, ಶಾಲೆಯಲ್ಲಿ ಟೀಚರ್ ಆದ ಮೊದಲನೆಯವಳೂ ನಾನೇ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಗಟ್ಟಿಮುಟ್ಟಾಗಿದ್ದಾಗಲೇ ಅಜ್ಜ ಹಿರಿಯರ ಸ್ಥಾನ ಬಿಟ್ಟುಕೊಟ್ಟರು. ಆ ಜಾಗಕ್ಕೆ ಸಭೆ ನನ್ನನ್ನು ಆರಿಸಿತು, ಮೊದಲು ಎದ್ದದ್ದು ಕಾರ್ಯದರ್ಶಿಯ ಕೈ. ಅವ್ವ ಹಿಂದಿನ ಬೆಂಚಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು.

ಈಗ ಆಯಿ ಇಲ್ಲ, ಅಜ್ಜ ಇಲ್ಲ, ಪಡಸಾಲೆ ಇದ್ದಲ್ಲಿ ಅಪಾರ್ಟ್‌ಮೆಂಟಿನ ಸ್ಕೂಟರುಗಳು ನಿಲ್ಲುತ್ತವೆ. ಅಂಥ ಒಂದು ಮನೆ ನಿಮಗೂ ಇದ್ದೀತು, ಅದರ ಮುಂದೆ ನಿಮ್ಮ ನಡಿಗೆಯೂ ನಿಧಾನವಾದೀತು. ಕೊನೆಯ ಮೂರು ವರ್ಷ ಅಜ್ಜ ಜನರ ನಡುವೆ ಕೂತು ನನ್ನ ಮಾತು ಕೇಳಿದರು. ಛಲೋ ಆತು ಎಂದು ಒಮ್ಮೆಯೂ ಅನ್ನಲಿಲ್ಲ. ಆರಾಧನೆ ಮುಗಿದು ಮನೆಗೆ ಹೋಗುವಾಗ ಪ್ರತಿ ಸಲ ಒಂದೇ ಪ್ರಶ್ನೆ: “ಈಗ ನೀ ಯಾರಿಗೆ ಕಲಿಸಾಕತ್ತೀಯವಾ?” ಎರಡು ವರ್ಷ ನಾನು ತಲೆ ತಗ್ಗಿಸಿದೆ. ಮೂರನೆಯ ವರ್ಷ, ಕೂಟ ನಡೆಸಲು ನಾನು ಕಲಿಸುತ್ತಿದ್ದ ಇಬ್ಬರು ಹುಡುಗಿಯರ ಹೆಸರು ಹೇಳಿದೆ. ಅಜ್ಜ ಆ ಹೆಸರುಗಳನ್ನು ಮೆಲ್ಲಗೆ ಒಮ್ಮೆ ಹೇಳಿಕೊಂಡರು. ಆಮೇಲೆ ಅವರು ಆ ಪ್ರಶ್ನೆ ಮತ್ತೆ ಕೇಳಲೇ ಇಲ್ಲ.