ಕನಕಪುರದ ವೈರಿಂಗ್ ಅಕ್ಕ

ಮುಡಿಯಿಂದ ಹೇರ್‌ಪಿನ್ ಕಿತ್ತು ಹಲ್ಲಿನಲ್ಲಿ ಕಚ್ಚಿಕೊಂಡು ಅವರು ಬಾನೆಟ್‌ನೊಳಗೆ ಬಗ್ಗಿದರೆ, ಬಿಚ್ಚಿದ ಕೂದಲು ಬೆನ್ನ ಮೇಲೆ ಜಾರುತ್ತಿತ್ತು. ಆ ಪಿನ್ನನ್ನು ವೈರಿನ ಸಾಕೆಟ್ಟಿಗೆ ಹಿಂದಿನಿಂದ ತೂರಿಸಿ, ಮೀಟರಿನ ಕಡ್ಡಿ ತಾಗಿಸಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಕನಕಪುರದಲ್ಲಿ ಹಳೇ ಕಾರುಗಳ ವೈರಿಂಗ್ ನೋಡುತ್ತಿದ್ದ ಅವರನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಗಂಡನ ಪಕ್ಕ ನಿಂತು ಕಲಿತ ಕೆಲಸ. ಆತ ತೀರಿಕೊಂಡ ಮೇಲೂ ಅಕ್ಕ ಶೆಡ್ಡಿನ ಬಾಗಿಲು ಮುಚ್ಚಲಿಲ್ಲ.

ನಾನು ಮರಳವಾಡಿಯವನು. ನಾನು ಬಾಡಿಗೆಗೆ ಓಡಿಸುತ್ತಿದ್ದ ಹಳೇ ಪೆಟ್ರೋಲ್ ಕಾರು ಬಿಸಿಯಾದರೆ ನಡುರಸ್ತೆಯಲ್ಲಿ ಆಫ್ ಆಗುತ್ತಿತ್ತು. ಆರಿದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್! ಎಂಜಿನ್ನಿಗೆ ಹೊಸ ಸೆನ್ಸರ್ ಹಾಕಿಸಿದರೂ ಕಾಟ ತಪ್ಪಲಿಲ್ಲ. "ಎಂಜಿನ್ ಕಂಪ್ಯೂಟರ್ರೇ ಹೋಗೈತೆ, ಗುಜರಿಗೆ ಹಾಕ್ಬುಡು" ಎಂದ ಒಬ್ಬ ಮೆಕ್ಯಾನಿಕ್. ಮನೆಯಲ್ಲಿ ಹೆಂಡತಿ ತುಂಬು ಬಸುರಿ. ನನ್ನ ತಲೆ ಕೆಟ್ಟಿತ್ತು.

ಕೊನೆಗೆ ಅಕ್ಕನ ಶೆಡ್ಡಿಗೆ ಕಾರು ಒಯ್ದೆ. ಅಕ್ಕ ದೋಷ ತೋರಿಸುವ ಸ್ಕ್ಯಾನರ್ ಹಾಕಿ ನೋಡಿದರು. ಅದು ಮತ್ತೆ ಅದೇ ಸೆನ್ಸರನ್ನು ತೋರಿಸಿತು.

"ಇದು ಯಾವ ಬೀದಿ ಅಂತ ಹೇಳ್ತದೆ ಕಣಪ್ಪ, ಯಾವ ಮನೆ ಅಂತ ನಾವೇ ಹುಡುಕ್ಬೇಕು. ನಡಿ, ಕಬ್ಬಾಳು ಕಡೆ ಓಡ್ಸು. ಅದು ನಿಲ್ಲೋವಾಗ ನಾನು ಎದ್ರುಗಿರ್ಬೇಕು."

ಕಬ್ಬಾಳಿನ ದಾರಿಯ ಏರಿನಲ್ಲಿ ಕಾರು ನಿಂತಿತು. ನಾನು ಹಣೆ ಚಚ್ಚಿಕೊಂಡೆ. ಅಕ್ಕ "ಬಂತು ನೋಡು!" ಎಂದು ನಗುತ್ತಾ ಇಳಿದರು. ಎಂಜಿನ್ನಿಗೆ ಉಜ್ಜಿ ಉಜ್ಜಿ ಮೈ ಸುಲಿದಿದ್ದ ಸೆನ್ಸರ್ ವೈರನ್ನು ಕಂಡುಹಿಡಿದು, ಅಲ್ಲೇ ಬದಲಿಸಿದರು.

ವಾರ ಕಳೆಯುವುದರೊಳಗೆ ಕಾರು ಮತ್ತೆ ನಿಂತಿತು. ಅಕ್ಕನಿಗೆ ಫೋನ್ ಮಾಡಿದೆ. ಮರುದಿನ ಬೆಳಗಿನ ಬಸ್ಸಿಗೇ ಚೀಲ ಹೊತ್ತು ನಮ್ಮೂರಲ್ಲಿ ಇಳಿದರು.

"ಒಂದು ಸಿಕ್ತು ಅನ್ನೋ ಖುಸೀಲಿ ಇನ್ನೊಂದ ನೋಡ್ನೇ ಇಲ್ಲ ಕಣಪ್ಪ. ತಪ್ಪು ನಂದೇ" ಎಂದರು, ನನ್ನ ಹೆಂಡತಿಯ ಎದುರಿಗೇ. ಹಾಗೆ ಹೇಳಿದ ಮೆಕ್ಯಾನಿಕ್ಕನ್ನು ನಾನು ಬೇರೆ ಕಂಡಿಲ್ಲ.

ಮಧ್ಯಾಹ್ನದವರೆಗೂ ಹುಡುಕಿದರು. ಕಂಪ್ಯೂಟರಿಂದ ಬಂದ ಅರ್ತ್ ವೈರು ಕಾರಿನ ತಗಡಿಗೆ ಸೇರುವಲ್ಲಿ ತುಕ್ಕು ಹಿಡಿದಿತ್ತು. ಎಮರಿ ಪೇಪರಿನಿಂದ ಹೊಳೆಯುವಂತೆ ಉಜ್ಜಿ, ಬೋಲ್ಟು ಬಿಗಿದರು. ನಮ್ಮಲ್ಲೇ ಮುದ್ದೆ ಉಂಡು, ಹೊರಡುವಾಗ ಹೆಂಡತಿಯ ಕೈ ಹಿಡಿದು, "ಹೆದ್ರುಬ್ಯಾಡ ಕಣವ್ವ, ಇನ್ನು ನಿಲ್ಲಾಕಿಲ್ಲ" ಎಂದರು.

ನಿಲ್ಲಲಿಲ್ಲ. ನನ್ನ ಮಗಳು ಹುಟ್ಟಿದ್ದು ಆಸ್ಪತ್ರೆಯಲ್ಲಿ, ದಾರಿಯಲ್ಲಲ್ಲ.

ಕಳೆದ ವರ್ಷ ಅಕ್ಕನಿಗೆ ಕಾಯಿಲೆ ಜೋರಾದಾಗ ಆಸ್ಪತ್ರೆಗೆ ಹೋಗಲು ನನ್ನ ಕಾರನ್ನೇ ತರಲು ಹೇಳಿಕಳಿಸಿದರು. ಹಿಂದಿನ ಸೀಟಿನಲ್ಲಿ ತಮ್ಮ ತಂಗಿಯ ತೊಡೆಯ ಮೇಲೆ ತಲೆಯಿಟ್ಟು, ಕಣ್ಣು ಮುಚ್ಚಿ ಮಲಗಿದ್ದರು. ನಿದ್ದೆ ಬಂದಿರಬೇಕು ಎಂದುಕೊಂಡಿದ್ದೆ. ರಾಮನಗರದಲ್ಲಿ ಸಿಗ್ನಲ್ಲಿಗೆ ನಿಂತಾಗ ಮೆಲ್ಲನೆ ದನಿ ಬಂತು:

"ತಮ್ಮಾ, ಐಡ್ಲಿಂಗಲ್ಲಿ ಎಂಜಿನ್ ಸದ್ದು ಒಸಿ ಏರಿಳೀತೈತೆ. ಎಂಜಿನ್ನಿಗೆ ಗಾಳಿ ಹೋಗೋ ಜಾಗ ಕ್ಲೀನ್ ಮಾಡ್ಕೊ."

ನಾನು ಅವರ ಬಾಯಿಂದ ಕೇಳಿದ ಕೊನೆಯ ಮಾತು ಅದು.

ತಿಥಿ ಮುಗಿಸಿ ಬಂದ ದಿನ ಬಾನೆಟ್ ಎತ್ತಿದೆ. ಅವರು ಹೇಳಿದ ಜಾಗದಲ್ಲಿ ಮಸಿ ಕರ್ರಗೆ ಕಟ್ಟಿತ್ತು. ಒರೆಸಿ ಸ್ಟಾರ್ಟ್ ಮಾಡಿದೆ. ಎಂಜಿನ್ ಒಂದೇ ಸಮನೆ ಓಡತೊಡಗಿತು. ಬಹಳ ಹೊತ್ತು ಆಫ್ ಮಾಡಲು ಮನಸ್ಸೇ ಬರಲಿಲ್ಲ.