ಗುರುಮಲ್ಲಪ್ಪನವರ ಎರಡನೆಯ ಕೆಮ್ಮು

ಕಾಯಿಲೆಯಿಲ್ಲದೆ ಕೆಮ್ಮುವ ಮನುಷ್ಯ ಅಂತ ನಾನು ಕಂಡದ್ದು ಗುರುಮಲ್ಲಪ್ಪನವರೊಬ್ಬರನ್ನೇ. ರಾಮನಗರದ ಪೇಟೆಯಲ್ಲಿ ಅವರದು ಬಟ್ಟೆ ಅಂಗಡಿ. ಗಿರಾಕಿ ಒಳಗೆ ಕಾಲಿಟ್ಟಾಗ ಒಂದು ಸಲ ಕೆಮ್ಮಿದರೆ ಕೂರಿಸಿ ಬಟ್ಟೆ ತೋರಿಸಬೇಕು. ಎರಡು ಸಲ ಕೆಮ್ಮಿದರೆ ಹಿಂದೆಯೇ ಹೋಗಿ ಅವರ ಕೈ ಮೇಲೆ ಕಣ್ಣಿಡಬೇಕು. ಡಿಗ್ರಿ ಮುಗಿಸಿ ಬೈರಮಂಗಲದಿಂದ ಬಸ್ಸಿನಲ್ಲಿ ಬಂದು ಕೆಲಸಕ್ಕೆ ಸೇರಿದ ನನಗೆ ಮೊದಲ ದಿನವೇ ಆದ ಪಾಠ ಇದು. ಸೀರೆ ಮಡಿಸುವುದನ್ನು ಆಮೇಲೆ ಕಲಿಸಿದರು.

ಎರಡನೆಯ ಕೆಮ್ಮು ಯಾರಿಗೆ ಬೀಳುತ್ತದೆಂದು ವಾರದೊಳಗೆ ಗೊತ್ತಾಯಿತು. ಬುರ್ಖಾ ಹಾಕಿದ ಕಾಲೇಜು ಹುಡುಗಿಯರಿಗೆ, ಕೂದಲಿಗೆ ಬಣ್ಣ ಬಳಿದುಕೊಂಡ ಸಾಬರ ಹುಡುಗರಿಗೆ, ಮಂಡಿ ಹರಿದ ಪ್ಯಾಂಟಿನವರಿಗೆ. ಒಂದು ಸಲ ಅವರ ಸ್ವಂತ ತಂಗಿಯ ಮಗ ಎರಡೂ ಮಂಡಿ ಹರಿದ ಪ್ಯಾಂಟಿನಲ್ಲಿ ಬಂದ. ಆಗ ಮಾತ್ರ ಯಜಮಾನರು ನನ್ನ ಕಡೆ ತಿರುಗಿ "ಈಗಿನ ಫ್ಯಾಷನ್ ಕಣವ್ವ ಅದು" ಎಂದು ನಕ್ಕು ಕುರ್ಚಿ ಎಳೆಸಿದರು.

ಕೇಳಿದವರಿಗೆ ಅವರ ಬಳಿ ಸಿದ್ಧ ಉತ್ತರವಿತ್ತು. "ನಾನು ಜಾತಿ ನೋಡೋನಲ್ಲ, ಕಣ್ಣು ನೋಡೋನು. ಮೂವತ್ತು ವರ್ಷದ ಅನುಭವ ಐತೆ." ಆ ಮೂವತ್ತು ವರ್ಷದಲ್ಲಿ ಎಷ್ಟು ಜನ ಕಳ್ಳರನ್ನು ಹಿಡಿದಿರಿ ಎಂದು ಒಂದು ದಿನ ಕೇಳಿಯೇಬಿಟ್ಟೆ. ಒಬ್ಬರೂ ಸಿಕ್ಕಿರಲಿಲ್ಲ. "ಅದಕ್ಕೇ ಹೇಳೋದು," ಎಂದರು ಎದೆ ಉಬ್ಬಿಸಿ, "ನಾನು ಹಂಗೆ ಕಾಯ್ತೀನಿ. ಕದಿಯಾಕೆ ಧೈರ್ಯ ಎಲ್ಲಿಂದ ಬಂದಾತು?" ಇಂಥ ತಲೆಗೆ ಏನು ಹೇಳುವುದು? ಅವರು ಹೆಮ್ಮೆಯಿಂದ ಮಾರುತ್ತಿದ್ದ ರೇಷ್ಮೆಯ ನೂಲನ್ನು ಗೂಡು ಬೇಯಿಸಿ ಬಿಚ್ಚುತ್ತಿದ್ದವರು ಹಿಂದಿನ ಗಲ್ಲಿಯ ಅದೇ ಬುರ್ಖಾದ ಹುಡುಗಿಯರ ಅಪ್ಪಂದಿರು. ಬಿಸಿನೀರಲ್ಲಿ ಕೈ ಬೇಯಿಸಿಕೊಂಡವನ ನೂಲು ಬೇಕು, ಅವನ ಮಗಳು ಒಳಗೆ ಬಂದರೆ ಗಂಟಲು ಕೆರೆಯುತ್ತದೆ.

ಬಟ್ಟೆ ಅವರಿಗೆ ಗೊತ್ತಿತ್ತು, ಅದನ್ನು ಇಲ್ಲ ಅನ್ನಲಾರೆ. ಕಣ್ಣು ಮುಚ್ಚಿ ಸೆರಗು ಮುಟ್ಟಿ ಯಾವ ನೂಲು ಅಂತ ಹೇಳುತ್ತಿದ್ದರು. ಮನುಷ್ಯರನ್ನೂ ಹಾಗೇ ಹೇಳಬಲ್ಲೆ ಅಂದುಕೊಂಡಿದ್ದರು, ಅದೇ ಅವರ ಕೊಬ್ಬು.

ನಮ್ಮ ಅಂಗಡಿಗೆ ಬರುವವರಲ್ಲಿ ಅರ್ಧ ಜನ ಮ್ಯಾಚಿಂಗ್‌ಗೆ ಬರುವವರು. ಸೀರೆಯನ್ನು ಬ್ಯಾಗಿನಲ್ಲಿ ತಂದು, ಮೇಜಿನ ಮೇಲೆ ಹರಡಿ, ರವಿಕೆ ಬಟ್ಟೆ ಪಕ್ಕಕ್ಕಿಟ್ಟು ನೋಡುತ್ತಾರೆ. ಟ್ಯೂಬ್‌ಲೈಟಿನ ಬೆಳಕನ್ನು ನಂಬದೆ ನಮ್ಮ ಬಟ್ಟೆಯ ಥಾನನ್ನೇ, ಇಡೀ ಸುರುಳಿಯನ್ನೇ, ಎತ್ತಿಕೊಂಡು ಬಾಗಿಲಾಚೆ ಬಿಸಿಲಿಗೆ ಹೋಗುತ್ತಾರೆ. ಹೋಗಲಿ, ಯಾರೂ ಏನೂ ಅನ್ನುವುದಿಲ್ಲ. ಆದರೆ ಎರಡನೆಯ ಕೆಮ್ಮಿನವರು ಬ್ಯಾಗನ್ನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಬಿಟ್ಟು ಬರಬೇಕು. ಥಾನನ್ನು ಹೊರಗೆ ಒಯ್ಯುವಂತಿಲ್ಲ.

ಒಂದು ಮಧ್ಯಾಹ್ನ ನಜೀಮಾ ಬಂದಳು. ಬಿ.ಕಾಂ. ಓದುತ್ತಿದ್ದ ಹುಡುಗಿ, ಹಿಂದಿನ ಗಲ್ಲಿಯವಳು. ಅಕ್ಕನ ನಿಕಾಹ್‌ಗೆ ಹೊಲಿಸಿದ ಹಸಿರು ಲಂಗಕ್ಕೆ ದುಪಟ್ಟಾ ಬೇಕಿತ್ತು. ಲಂಗ ಬ್ಯಾಗಿನಲ್ಲಿ, ಬ್ಯಾಗು ಸ್ಟೂಲಿನ ಮೇಲೆ. ನಾನು ಆರು ಬಗೆಯ ಹಸಿರು ಹರಡಿದೆ. ಒಂದನ್ನು ನೋಡುವಳು, ಬಾಗಿಲಿಗೆ ಹೋಗಿ ಬ್ಯಾಗಿನ ಜಿಪ್ ಸರಿಸಿ ಲಂಗ ನೋಡುವಳು, ಮತ್ತೆ ಬರುವಳು. "ಅಕ್ಕ, ಬಣ್ಣ ಕಣ್ಣಲ್ಲಿ ಇಟ್ಕೊಂಡು ಬರೋದ್ರಲ್ಲಿ ದಾರೀಲೇ ಮರ್ತೋಗ್ತೈತೆ," ಎಂದು ನಕ್ಕಳು. ನಾನೂ ನಕ್ಕೆ.

ಐದನೆಯ ಸಲ ಅವಳು ಬ್ಯಾಗಿಗೆ ಕೈ ಹಾಕಿದಾಗ ಗುರುಮಲ್ಲಪ್ಪನವರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದರು. "ನಿಲ್ಲವ್ವ. ಏನು ತುಂಬ್ತಾ ಇದ್ದೀಯ ಅದ್ರಲ್ಲಿ?"

ನಜೀಮಾ ತಡವರಿಸಲಿಲ್ಲ. "ಬ್ಯಾಗ್ ಒಳಗೆ ತರಂಗಿಲ್ಲ, ಬಟ್ಟೆ ಹೊರಗೆ ಒಯ್ಯಂಗಿಲ್ಲ ಅಂದ್ರಿ. ನಾನು ಬಣ್ಣ ಹೆಂಗೆ ನೋಡ್ಲಿ ಸಾರ್?"

"ವಾದ ಬ್ಯಾಡ," ಎಂದು ಅವರು ನನ್ನ ಕಡೆ ತಿರುಗಿದರು. "ಸುಜಾತ, ನೀನೇ ಹೇಳು. ಐದು ಸತಿ ಬ್ಯಾಗಿನ ತಾವ್ಕೆ ಹೋದ್ಲೋ ಇಲ್ವೋ?"

ಅಂಗಡಿ ತುಂಬ ಜನ. ಕೆಲಸಕ್ಕೆ ಸೇರಿ ಆರು ತಿಂಗಳೂ ಆಗಿರಲಿಲ್ಲ. "ಹೋದ್ಲು," ಎಂದೆ. ಯಾಕೆ ಹೋದಳು ಎಂದು ಹೇಳಲಿಲ್ಲ. ನಜೀಮಾ ನನ್ನ ಮುಖವನ್ನೇ ನೋಡುತ್ತಿದ್ದಳು, ಇನ್ನೊಂದು ಮಾತು ಬರುತ್ತದೆಂದು ಕಾಯುತ್ತಿದ್ದಳು. ನಾನು ಥಾನು ಸುತ್ತತೊಡಗಿದೆ.

ಯಜಮಾನರು ಬ್ಯಾಗನ್ನು ಕೈಯಿಂದಲೂ ಮುಟ್ಟಲಿಲ್ಲ. ಬಟ್ಟೆ ಅಳೆಯುವ ಮೀಟರ್ ಕಡ್ಡಿಯ ತುದಿಯಿಂದ ಲಂಗವನ್ನು ಹೊರಗೆಳೆದರು. ಜರಿ ಹಚ್ಚಿದ ಮದುವೆಯ ಲಂಗ ಜನ ಚಪ್ಪಲಿ ಬಿಡುವ ಜಾಗದಲ್ಲಿ ಬಿತ್ತು. ಕಡ್ಡಿಯಿಂದಲೇ ಮಗುಚಿ ನೋಡಿದರು. ಒಳಗೆ ನಮ್ಮ ಅಂಗಡಿಯ ಒಂದು ಎಳೆ ದಾರವೂ ಇರಲಿಲ್ಲ. "ಸರಿ, ಹೋಗವ್ವ. ಇದ್ದಿದ್ರೆ ಸಿಕ್ಕೋದು," ಎಂದರು. ಆ ಮನುಷ್ಯನಿಗೆ ನಾಚಿಕೆ ಅನ್ನುವುದನ್ನು ಹುಟ್ಟಿದಾಗಲೇ ಯಾರೋ ಕಿತ್ತುಕೊಂಡಿದ್ದರು. ಅವಳು ನೆಲಕ್ಕೆ ಕೂತು, ಧೂಳು ಒರೆಸಿ, ಲಂಗವನ್ನು ನಿಧಾನವಾಗಿ ಮಡಿಸಿ ಎದ್ದು ಹೋದಳು. ನನ್ನ ಕಡೆ ಮತ್ತೆ ನೋಡಲಿಲ್ಲ.

ಸತ್ಯ ಹೇಳಿದೆನೆಂದು ಅವತ್ತು ನನಗೆ ಹೋಟೆಲಿನಿಂದ ಕಾಫಿ ತರಿಸಿಕೊಟ್ಟರು. ಕುಡಿದೆ. ಗುರುಮಲ್ಲಪ್ಪನವರ ಮೇಲೆ ನನಗಿರುವ ತಿರಸ್ಕಾರದಲ್ಲಿ ಒಂದು ಪಾಲು ನನಗೂ ಸಲ್ಲಬೇಕು ಅನ್ನುವುದು ಅದಕ್ಕೇ. ಆಮೇಲೆ ಇನ್ನೂ ಒಂದು ವರ್ಷ ಅಲ್ಲೇ ದುಡಿದೆ.

ಕೊನೆಯ ಸಲ ಅವರನ್ನು ಕಂಡದ್ದು ಮಾಗಡಿಯ ಒಂದು ಮದುವೆ ಮನೆಯಲ್ಲಿ. ಊಟದ ಪಂಕ್ತಿಯಲ್ಲಿ ನನ್ನನ್ನು ಗುರುತು ಹಿಡಿದು ಪಕ್ಕದವರಿಗೆಲ್ಲ ಪರಿಚಯಿಸಿದರು. "ಇವಳು ನಮ್ಮಂಗಡೀಲಿ ಇದ್ದೋಳು. ಒಬ್ಬ ಕಳ್ಳೀನ ಹಿಡ್ಕೊಟ್ಟಳು ನೋಡಿ, ಮದುವೆ ಬಟ್ಟೆ ಒಳಗೆ ದುಪಟ್ಟಾ ಮುಚ್ಚಿಟ್ಕೊಂಡಿದ್ಲು!" ಮೂವತ್ತು ವರ್ಷ ಯಾರೂ ಸಿಗದಿದ್ದ ಮನುಷ್ಯನಿಗೆ ಕೊನೆಗೂ ಒಬ್ಬಳು ಸಿಕ್ಕಿದ್ದಳು.

"ಆ ಹುಡುಗಿ ಏನೂ ಕದ್ದಿರ್ಲಿಲ್ಲ," ಎಂದೆ, ಪಂಕ್ತಿಗೆಲ್ಲ ಕೇಳುವಂತೆ. "ಬಣ್ಣ ನೋಡಾಕೆ ಹೋಗ್ತಿದ್ಲು. ನಂಗೆ ಗೊತ್ತಿತ್ತು. ಬಾಯಿ ಮುಚ್ಕೊಂಡಿದ್ದೆ."

"ಒಸಿ ಮೆತ್ತಗಿನ ಹೆಂಗಸು," ಎಂದರು ಅವರು ಪಕ್ಕದವರಿಗೆ. "ಇವತ್ಗೂ ಅವಳ ಮೇಲೆ ಕನಿಕರ." ಎಲ್ಲರೂ ತಲೆಯಾಡಿಸಿ ಪಾಯಸಕ್ಕೆ ಕೈ ಹಾಕಿದರು.

ಅದಾಗಿ ವರ್ಷದೊಳಗೆ ಅವರು ತೀರಿಕೊಂಡರು. ನಾನು ಹೋಗಲಿಲ್ಲ. ಸತ್ತವರ ಬಗ್ಗೆ ಒಳ್ಳೆಯದೇ ಆಡಬೇಕಂತೆ, ಆಡಲು ನನ್ನಲ್ಲಿ ಏನೂ ಇರಲಿಲ್ಲ.

ಹೋದ ತಿಂಗಳು ಚನ್ನಪಟ್ಟಣದ ಬಸ್ಸಿನಲ್ಲಿ ಹಿಂದಿನ ಸೀಟಿನ ಇಬ್ಬರು ಹೆಂಗಸರು ಮಾತಾಡುತ್ತಿದ್ದರು. ಬುರ್ಖಾದವರನ್ನು ಅಂಗಡಿಯೊಳಗೆ ಬಿಡಬಾರದು ಎಂದು ಒಬ್ಬಳು, ಹಾಗೆಲ್ಲ ಅನ್ನಬೇಡ ಎಂದು ಇನ್ನೊಬ್ಬಳು. ಮೊದಲನೆಯವಳು ರಾಮನಗರದ ಒಂದು ಅಂಗಡಿಯ ಕಥೆ ತೆಗೆದಳು. ಹಸಿರು ಲಂಗ, ಅದರೊಳಗೆ ಮೂರು ದುಪಟ್ಟಾ. ಅಂಗಡಿಯ ಹುಡುಗಿಯೇ ಕಣ್ಣಾರೆ ನೋಡಿದ್ದಳಂತೆ.

ತಡೆಯಲಾಗದೆ ತಿರುಗಿದೆ. "ಆ ಅಂಗಡೀಲಿದ್ದ ಹುಡುಗಿ ನಾನೇ," ಎಂದೆ.

ಅವಳು ಗೆದ್ದವಳ ಹಾಗೆ ಗೆಳತಿಯ ತೋಳು ತಿವಿದಳು. "ನೋಡ್ದಾ? ನಾನ್ ಹೇಳ್ಲಿಲ್ವಾ, ನಿಜ ಅಂತ."