ಅಪ್ಪ ಲೈಟು ಆರಿಸಿದ್ದನೇ

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದ ಅಪ್ಪ ಮನೆಯಲ್ಲಿ ಸುಮ್ಮನೆ ಕೂರಲಾರದೆ ಒಂದು ಹಳೇ ಕಾರು ಕೊಂಡು ತಂದ. ಅದನ್ನು ಕಾರು ಎನ್ನಲು ನನಗೆ ಮನಸ್ಸು ಒಪ್ಪಿರಲಿಲ್ಲ. ಬಾಗಿಲು ಹಾಕಬೇಕಾದರೆ ಮೊಣಕಾಲಿನಿಂದ ನೂಕಬೇಕು, ಇಳಿಸಿದ ಗಾಜು ಏರಿಸಲು ಎರಡೂ ಕೈ ಬೇಕು. ಆದರೂ ಮೊಳಕಾಲ್ಮೂರಿನಿಂದ ಕೊಂಡ್ಲಹಳ್ಳಿಗೆ ಪಾಠ ಹೇಳಲು ಹೋಗುತ್ತಿದ್ದ ನನಗೆ ಬಸ್ಸು ತಪ್ಪಿದ ದಿನ ಅದೇ ಗತಿ. ಅಪ್ಪನಿಗಂತೂ ಮತ್ತೆ ಸ್ಟಿಯರಿಂಗ್ ಹಿಡಿದ ಮೇಲೆ ಬೆನ್ನು ನೆಟ್ಟಗಾಗಿತ್ತು. ರಾಂಪುರದಲ್ಲಿ ಯಾರಿಗೋ ಹುಷಾರಿಲ್ಲ ಎಂದು ಸುದ್ದಿ ಬಂದರೂ ಸಾಕು, ಶರ್ಟು ಹಾಕಿಕೊಂಡು ನಿಂತುಬಿಡುತ್ತಿದ್ದ.

ಕಾರಿನ ಕಾಟ ಶುರುವಾದದ್ದು ಎರಡನೇ ಬೇಸಿಗೆಯಲ್ಲಿ. ಬೆಳಿಗ್ಗೆ ಕೀ ತಿರುಗಿಸಿದರೆ ಟಕ್ ಎಂದು ಒಂದು ಸದ್ದು, ಆಮೇಲೆ ಏನೂ ಇಲ್ಲ. ಬ್ಯಾಟರಿ ಪೂರ್ತಿ ಇಳಿದಿರುತ್ತಿತ್ತು. ಬೀದಿಯವರನ್ನು ಕರೆದು ನೂಕಿಸಿದರೆ ಹೊರಡುತ್ತಿತ್ತು. ಮರುದಿನ ಮುಟ್ಟಿದರೆ ಸಾಕು, ಏನೂ ಆಗಿಯೇ ಇಲ್ಲ ಎನ್ನುವ ಹಾಗೆ ಸ್ಟಾರ್ಟ್ ಆಗುತ್ತಿತ್ತು. ಕೆಟ್ಟಿದ್ದರೆ ದಿನವೂ ಕೆಟ್ಟಿರಬೇಕು, ಇಲ್ಲವೇ ಸರಿಯಿರಬೇಕು. ಇದು ಯಾವ ಕಡೆಗೂ ಸೇರದೆ ನನ್ನ ತಲೆ ತಿನ್ನುತ್ತಿತ್ತು.

ನೂಕಲು ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು. "ಏನ್ ಡ್ರೈವರಣ್ಣ, ರಾತ್ರಿ ಲೈಟ್ ಆರ್ಸದು ಮರ್ತಿದ್ದೇನು?"

"ಆರ್ಸೀನಪ್ಪ. ನಲವತ್ತು ಸೀಟಿನ ಗಾಡಿ ಓಡ್ಸಿದೋನಿಗೆ ಲೈಟ್ ಆರ್ಸಾಕೆ ಬರಲ್ವಾ" ಎಂದು ಅಪ್ಪ ನಗುತ್ತಿದ್ದ. ಕೆಲವು ವಾರ ಕಳೆದ ಮೇಲೆ ನಗುವುದು ನಿಂತಿತು.

ನನಗೂ ಅನುಮಾನ ಹತ್ತಿತು. ಅಪ್ಪ ಕನ್ನಡಕ ಹುಡುಕುತ್ತಿದ್ದ, ಅದು ಅವನ ಜೇಬಿನಲ್ಲೇ ಇರುತ್ತಿತ್ತು. ನಲ್ಲಿ ತಿರುಗಿಸಿ ಬಂದು ಮರೆಯುತ್ತಿದ್ದ, ನೀರು ಬೀದಿಗೆ ಹರಿಯುತ್ತಿತ್ತು. ಒಮ್ಮೆ ಶಾಲೆಗೆ ಬಿಡಲು ಹೊರಟವನು ರಾಂಪುರದ ಕಡೆ ತಿರುಗಿಸಿ, "ಹೌದಲ್ಲಾ" ಎಂದು ವಾಪಸ್ ತಂದ. ಆದರೆ ಹಾಲು ಉಕ್ಕಿಸುವವಳು ನಾನೇ, ಕೊಡೆ ಶಾಲೆಯಲ್ಲಿ ಬಿಟ್ಟು ಬರುವವಳೂ ನಾನೇ. ಹಾಗಾದರೆ ಮರೆವು ಎಲ್ಲಿಂದಾಚೆಗೆ ರೋಗವಾಗುತ್ತದೆ? ಕಾರಿಗೆ ಹುಷಾರಿಲ್ಲವೋ ಅಪ್ಪನಿಗೋ ಎಂಬುದು ಬಗೆಹರಿಯದೆ ಅವನನ್ನು ಹೆದ್ದಾರಿಗೆ ಕಳಿಸಲು ನನಗೆ ಧೈರ್ಯ ಬರುತ್ತಿರಲಿಲ್ಲ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ, ತೀರ್ಮಾನ ಮಾಡಬೇಕಾದವಳೂ ನಾನೇ.

ಒಂದು ಭಾನುವಾರ ಅಪ್ಪನೊಡನೆ ಕಾರನ್ನು ಚಳ್ಳಕೆರೆಗೆ ಒಯ್ದೆ. ಎಣ್ಣೆ ಮಿಲ್ಲುಗಳ ಹಿಂದಿನ ರಸ್ತೆಯಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುವವನೊಬ್ಬನಿದ್ದ. ಅವನು ಬ್ಯಾಟರಿಯ ಒಂದು ವೈರು ಬಿಚ್ಚಿ, ಬ್ಯಾಟರಿಗೂ ಆ ವೈರಿಗೂ ನಡುವೆ ಒಂದು ಸಣ್ಣ ಬಲ್ಬು ಹಿಡಿದ.

"ನೋಡ್ರಿ ಟೀಚರಮ್ಮ. ಎಲ್ಲಾ ಆಫ್ ಐತೆ. ಕರೆಂಟ್ ಎಲ್ಲಾದ್ರೂ ಕದ್ದು ಹೋಗ್ತಿದ್ರೆ ಈ ಬಲ್ಬ್ ಉರೀಬೇಕು."

ಬಲ್ಬು ಉರಿಯಲಿಲ್ಲ. ಅವನು ಬಾನೆಟ್ಟಿನ ಒಳಗೆ ವೈರುಗಳನ್ನು ಅಲುಗಾಡಿಸಿದ, ಫ್ಯೂಸುಗಳನ್ನು ತೆಗೆದು ಹಾಕಿದ. ಉರಿಯಲಿಲ್ಲ. ಬ್ಯಾಟರಿ ಚೆನ್ನಾಗಿದೆ, ಚಾರ್ಜೂ ಆಗುತ್ತಿದೆ ಎಂದ. ಅಪ್ಪ ಟೀ ಕುಡಿಯಲು ಅತ್ತ ಹೋದಾಗ ದನಿ ತಗ್ಗಿಸಿದ.

"ಗಾಡಿದೇನೂ ತಪ್ಪಿಲ್ರಿ. ಬಡೇ ಮಿಯಾಗೆ, ಅದೇ ನಿಮ್ಮಪ್ಪಾರಿಗೆ, ವಯಸ್ಸಾತು. ಲೈಟ್ ಬಿಟ್ ಬರ್ತಾರೆ, ಅಷ್ಟೇ."

ಆ ಬಲ್ಬಿನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅದೊಂದು ಸಲ ಮಿಣುಕಿದ್ದರೆ ಅಪ್ಪನ ಮಾನ ಉಳಿಯುತ್ತಿತ್ತು.

ಅದಾದ ಮೇಲೆ ಸಂಜೆ ಅಪ್ಪ ಕಾರು ನಿಲ್ಲಿಸುವಾಗ ಅಡುಗೆಮನೆ ಕಿಟಕಿಯಿಂದ ಕಿವಿಗೊಡುತ್ತಿದ್ದೆ. ಡಿಪೋ ಅಭ್ಯಾಸದಂತೆ ಹಿಮ್ಮುಖವಾಗಿ ಶೆಡ್ಡಿಗೆ ಹಾಕಿ, ಬೆನ್ನನ್ನು ಗೋಡೆಗೆ ತಾಗುವಷ್ಟು ಹತ್ತಿರ ನಿಲ್ಲಿಸುತ್ತಿದ್ದ. ಆಮೇಲೆ ಯಾರಿಗೋ ವರದಿ ಒಪ್ಪಿಸುವ ಹಾಗೆ "ಲೈಟ್ ಆಫ್" ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ. ಧೂಳು ಬೀಳದಂತೆ ಟಾರ್ಪಾಲು ಹೊದಿಸಿ ಒಳಗೆ ಬಂದವನು ಮತ್ತೆ ಹೊರಗೆ ಹೋಗಿ, ಟಾರ್ಪಾಲಿನ ತುದಿ ಎತ್ತಿ, ಸ್ವಿಚ್ಚು ಮುಟ್ಟಿ ಬರುತ್ತಿದ್ದ. ಅದನ್ನು ಕೇಳಲು ನನಗೆ ಸಂಕಟವಾಗುತ್ತಿತ್ತು. ಅಷ್ಟೆಲ್ಲ ಮಾಡಿದ ರಾತ್ರಿಯೂ ಬ್ಯಾಟರಿ ಇಳಿದೇ ಇಳಿಯಿತು.

ರಾಯದುರ್ಗದ ಕಡೆಯಿಂದ ಮದುವೆಯಾಗಿ ಬಂದಿದ್ದ ಅವ್ವನಿಗೆ ಮಾತ್ರ ಗೊಂದಲವೇ ಇರಲಿಲ್ಲ. ಅವಳ ಪ್ರಕಾರ ಇದು ಕಣ್ಣು ತಾಗಿದ್ದು. ಅಮಾವಾಸ್ಯೆ ಬಂದರೆ ಬೀಸುಕಲ್ಲಿನಿಂದ ಹೊಲಿಗೆ ಯಂತ್ರದವರೆಗೆ ದುಡಿಯುವ ಪ್ರತಿಯೊಂದಕ್ಕೂ ಹಳದಿ ದಾರದಲ್ಲಿ ಅರಿಶಿನದ ಕೊಂಬು ಕಟ್ಟುವುದು ಅವಳ ಪದ್ಧತಿ. ಕಾರಿನಲ್ಲಿ ಸ್ಟಿಯರಿಂಗಿಗೆ ಕಟ್ಟಲು ಹೋದಾಗ ಅಪ್ಪ ಕೈಗೆ ತೊಡರುತ್ತದೆ ಎಂದು ಬೇಡವೆಂದಿದ್ದ. ಅವಳು ಬ್ರೇಕನ್ನು ಆರಿಸಿಕೊಂಡಳು. "ಗಾಡಿ ಓಡಾದೇನು ದೊಡ್ಡದು, ನಿಲ್ಲಬೇಕಲ್ಲ" ಎಂದು, ಪೆಡಲಿನ ಕಂಬಿಗೆ, ಕಾಲು ತಾಗದಷ್ಟು ಮೇಲೆ, ಕೊಂಬು ಕಟ್ಟುತ್ತಿದ್ದಳು. ಕಟ್ಟಿದ ಮೇಲೆ ಕೆಲವು ದಿನ ಕಾರು ಸರಿಯಾಗಿಯೇ ಇರುತ್ತಿತ್ತು. ಚಳ್ಳಕೆರೆಗೆ ಹೋದದ್ದೂ ಅಮಾವಾಸ್ಯೆಯ ಮರುದಿನವೇ. "ನೋಡ್ದಾ, ಗೌರಸಮುದ್ರದ ಮಾರಮ್ಮ ಕಾಯ್ತಾಳೆ" ಎನ್ನುತ್ತಿದ್ದಳು. ಕಾಕತಾಳೀಯ ಎಂದರೆ "ಊರ್ಕೋ" ಎಂದು ತೆಲುಗಿನಲ್ಲಿ ಬಾಯಿ ಮುಚ್ಚಿಸುತ್ತಿದ್ದಳು. ವಿಜ್ಞಾನ ಪಾಠ ಮಾಡುವವಳಾದ ನಾನು ಅದು ನಿಜವೆಂದು ಕಂಡೂ ಒಪ್ಪಲಾರದೆ ಒದ್ದಾಡುತ್ತಿದ್ದೆ.

ಕೊನೆಗೆ ಒಂದು ಬೆಳಿಗ್ಗೆ, ಮತ್ತೆ ಟಕ್ ಎಂದಾಗ, ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಕೀ ತೆಗೆದು ನನ್ನ ಕೈಯಲ್ಲಿಟ್ಟ.

"ಇಟ್ಕಳವ್ವ. ನಿನ್ ಹತ್ರಾನೇ ಇರ್ಲಿ."

ಬೇಡ ಎನ್ನಬೇಕು ಅನಿಸಿತು, ಆದರೂ ಕೀಯನ್ನು ಬ್ಯಾಗಿಗೆ ಹಾಕಿಕೊಂಡೆ. ಅಂದಿನಿಂದ ನಾನು ಪಕ್ಕದಲ್ಲಿದ್ದರೆ ಮಾತ್ರ ಕಾರು ಹೊರಡಬೇಕು, ನಿಲ್ಲಿಸಿದ ಮೇಲೆ ಲೈಟು ಆರಿಸಿ ಕೀ ತೆಗೆಯುವವಳು ನಾನು ಎಂದಾಯಿತು. ಅಪ್ಪ "ಲೈಟ್ ಆಫ್" ಎನ್ನುವುದನ್ನೂ ಬಿಟ್ಟ.

ಬ್ಯಾಟರಿ ತುಂಬಲಿ ಎಂದು ಆ ಭಾನುವಾರ ರಾಂಪುರದವರೆಗೆ ಹೋಗಿ ಮುಸ್ಸಂಜೆಗೆ ವಾಪಸಾದೆವು. ಅಪ್ಪ ಶೆಡ್ಡಿಗೆ ಹಾಕಿದ. ನಾನು ಕೈ ಚಾಚಿ ಲೈಟು ಆರಿಸಿದೆ, ಕೀ ತೆಗೆದೆ. ಟಾರ್ಪಾಲು ಇರಲಿಲ್ಲ, ಅವ್ವ ಅದನ್ನು ಮಾಳಿಗೆಯ ಮೇಲೆ ಹಾಸಿ ಹುಣಸೆಹಣ್ಣು ಒಣಹಾಕಿದ್ದಳು. ಬೀದಿಯಲ್ಲಿ ಕರೆಂಟೂ ಹೋಗಿತ್ತು. ಟಾರ್ಪಾಲಿಗೆಂದು ಮಾಳಿಗೆ ಮೆಟ್ಟಿಲ ಕಡೆ ನಡೆದವಳು ತಿರುಗಿ ನೋಡಿದೆ. ಶೆಡ್ಡಿನ ಸುಣ್ಣದ ಗೋಡೆ ಕೆಂಪಗಿತ್ತು.

ನಾನು ನಿಂತಲ್ಲೇ ನಿಂತೆ. ಆರಿಸಿದ್ದೆನಲ್ಲ? ಕೀ ಕೈಯಲ್ಲೇ ಇತ್ತು. ಆದರೂ ಓಡಿಹೋಗಿ ಸ್ವಿಚ್ಚು ಮುಟ್ಟಿ ನೋಡಿದೆ. ಆರಿಸಿಯೇ ಇತ್ತು. ಮತ್ತೊಮ್ಮೆ ಮುಟ್ಟಿದೆ. ಅಪ್ಪ ಇಷ್ಟು ದಿನ ಟಾರ್ಪಾಲು ಎತ್ತಿ ಇದನ್ನೇ ಮಾಡುತ್ತಿದ್ದ ಎಂದು ಆಗ ಹೊಳೆಯಿತು.

"ಅಪ್ಪಾ, ಬಾ ಇಲ್ಲಿ" ಎಂದು ಕೂಗಿದೆ.

ಉರಿಯುತ್ತಿದ್ದದ್ದು ಹಿಂದಿನ ಬ್ರೇಕ್ ಲೈಟುಗಳು. ಅವು ಉರಿಯಲು ಕೀ ಬೇಕಿಲ್ಲ. ಟಾರ್ಪಾಲಿನಡಿ, ಗೋಡೆಯ ಮರೆಯಲ್ಲಿ ಇಷ್ಟು ದಿನ ಕಂಡಿರಲಿಲ್ಲ. ಅಪ್ಪ ಟಾರ್ಚು ಹಿಡಿದು ಪೆಡಲುಗಳ ಹತ್ತಿರ ತಲೆ ಹಾಕಿ ಮಲಗಿದ. ಕಾಲು ತೆಗೆದಾಗ ಪೆಡಲಿನ ಕಂಬಿ ಹಿಂದೆ ಬಂದು ಒಂದು ಸಣ್ಣ ಸ್ವಿಚ್ಚಿನ ಮೊಳೆಯನ್ನು ಒತ್ತಬೇಕು, ಆಗ ಬ್ರೇಕ್ ಲೈಟು ಆರುತ್ತದೆ. ಮೊಳೆ ತಾಗುವ ಜಾಗದಲ್ಲಿ ಕಂಬಿಗೆ ಒಂದು ರಬ್ಬರ್ ಬಿರಡೆ ಇರಬೇಕಿತ್ತು. ಅದು ಹಳತಾಗಿ ಪುಡಿಯಾಗಿ ಉದುರಿ ಬರೀ ತೂತು ಉಳಿದಿತ್ತು, ಮೊಳೆ ಆ ತೂತಿನೊಳಗೆ ನುಸುಳಿ ನಿಂತಿತ್ತು. ಆ ತೂತಿನ ಪಕ್ಕದಲ್ಲೇ ಅವ್ವನ ಅರಿಶಿನದ ಕೊಂಬು ಜಾರಿ ನೇತಾಡುತ್ತಿತ್ತು. ಹೊಸದಾಗಿ ಬಿಗಿದು ಕಟ್ಟಿದಾಗ ಅದು ಸರಿಯಾಗಿ ತೂತಿನ ಮೇಲೆ ಕೂರುತ್ತಿತ್ತು, ದಾರ ಸಡಿಲವಾದಂತೆ ಒಂದು ದಿನ ಕೂತು ಒಂದು ದಿನ ಸರಿಯುತ್ತಿತ್ತು. ಚಳ್ಳಕೆರೆಯಲ್ಲಿ ಬಲ್ಬು ಏಕೆ ಉರಿಯಲಿಲ್ಲ ಎಂಬುದೂ ಅಲ್ಲೇ ತಿಳಿಯಿತು, ಹಿಂದಿನ ದಿನವಷ್ಟೇ ಅವ್ವ ಕೊಂಬು ಬಿಗಿದಿದ್ದಳು.

ಅಪ್ಪ ತನ್ನ ಸವೆದ ಹವಾಯಿ ಚಪ್ಪಲಿಯ ಹಿಮ್ಮಡಿಯಿಂದ ಒಂದು ತುಂಡು ಕೊಯ್ದು, ಕೆತ್ತಿ, ತೂತಿಗೆ ಒತ್ತಿ ಕೂರಿಸಿದ. ಗೋಡೆ ಕಪ್ಪಾಯಿತು. ಕೊಂಬನ್ನು ಬಿಚ್ಚಲೇ ಎಂದೆ.

"ಇರ್ಲಿ ಬಿಡು. ಇಷ್ಟ್ ದಿನ ಕಾದೈತೆ" ಎಂದ. ಮೇಲೆದ್ದು ಮಣ್ಣು ಕೊಡವಿಕೊಂಡ. ಕೀ ಕೊಟ್ಟೆ. ಅದನ್ನು ಹಿಡಿದುಕೊಂಡು, ನನ್ನ ಮುಖ ನೋಡದೆ, ಮೆಲ್ಲಗೆ ಕೇಳಿದ.

"ಹಂಗಾದ್ರೆ ನಾನು ಲೈಟ್ ಆರ್ಸಿದ್ದೆ, ಅಲ್ವೇನವ್ವ?"

"ಆರ್ಸಿದ್ದೆ ಅಪ್ಪಾ. ದಿನಾ ಆರ್ಸಿದ್ದೆ."

ಅವನ ಕಣ್ಣು ತುಂಬಿತು. ಬೀದಿಯವರ ಮಾತನ್ನು ನಾನು ನಂಬಿದ್ದಕ್ಕಿಂತ ಹೆಚ್ಚಾಗಿ ಅವನೇ ನಂಬಿಬಿಟ್ಟಿದ್ದ.

ಕಾರು ಆಮೇಲೆ ಕಾಡಲಿಲ್ಲ. ಹತ್ತು ಹದಿನೈದು ದಿನ ಕಳೆದಿರಬೇಕು, ಬಸ್ಸು ತಪ್ಪಿ ಅಪ್ಪನೊಡನೆ ಕೊಂಡ್ಲಹಳ್ಳಿಗೆ ಹೋಗುತ್ತಿದ್ದೆ. ಎರಡೂ ಕಡೆ ಕಲ್ಲುಗುಡ್ಡ, ಖಾಲಿ ರಸ್ತೆ. ಅಪ್ಪ ಇದ್ದಕ್ಕಿದ್ದಂತೆ ಕೇಳಿದ.

"ಅಲ್ಲವ್ವ, ಕಾರಿಗೆ ಆವಾಗ ಏನಾಗಿತ್ತು?"

ನಾನು ಅವನ ಮುಖ ನೋಡಿದೆ. ತಮಾಷೆಯೂ ಇರಲಿಲ್ಲ, ಗಾಬರಿಯೂ ಇರಲಿಲ್ಲ. ರಬ್ಬರು, ತೂತು, ಕೊಂಬು, ಚಪ್ಪಲಿ, ಎಲ್ಲ ಮೊದಲಿನಿಂದ ಹೇಳಿದೆ. ಅವನು ಹೊಸದಾಗಿ ಕೇಳುವವನಂತೆ ಕೇಳಿದ. ನಿಜವಾಗಿ ಮರೆತಿದ್ದನೋ, ಆ ಕೊನೆಯ ಮಾತನ್ನು ಇನ್ನೊಮ್ಮೆ ನನ್ನ ಬಾಯಿಂದ ಕೇಳುವ ಆಸೆಯೋ, ಅಂದೂ ಗೊತ್ತಾಗಲಿಲ್ಲ, ಇಂದೂ ಗೊತ್ತಿಲ್ಲ. ನಡುವೆ ಹಿಡಿದು ನೋಡಲು ನನ್ನ ಹತ್ತಿರ ಬಲ್ಬು ಇರಲಿಲ್ಲ.

"ಹಂಗಾದ್ರೆ ನಾನು ಲೈಟ್ ಆರ್ಸಿದ್ದೆ" ಎಂದ.

"ಆರ್ಸಿದ್ದೆ ಅಪ್ಪಾ" ಎಂದೆ. ಅವನು ತಲೆಯಾಡಿಸಿ ಗೇರು ಬದಲಿಸಿದ, ಸರಿಯಾದ ಕಡೆಗೇ ತಿರುಗಿಸಿದ.